ಅತ್ತೆ ಹೇಳಿಕೊಂಡ ಮುಡಿ

ನನ್ನ ತಲೆಕೂದಲನ್ನು ಧರ್ಮಸ್ಥಳಕ್ಕೆ ಕೊಡುತ್ತೇನೆಂದು ನನ್ನ ಅತ್ತೆ ಹರಕೆ ಹೇಳಿಕೊಂಡಿದ್ದರು. ನನ್ನಲ್ಲಿ ಒಂದು ಮಾತು ಕೇಳಿರಲಿಲ್ಲ. ಕೇಳುವ ಹೊತ್ತೂ ಅದಾಗಿರಲಿಲ್ಲ ಎನ್ನಿ. ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ನನ್ನ ಬಲ ಎದೆಯಲ್ಲಿದ್ದ ಗಡ್ಡೆ ಕ್ಯಾನ್ಸರ್ ಎಂದು ಮಂಗಳೂರಿನ ಆಸ್ಪತ್ರೆಯಲ್ಲಿ ಖಚಿತವಾದ ಸಂಜೆ ನನ್ನ ಗಂಡ ಎಸ್‌ಟಿಡಿ ಬೂತಿನಿಂದ ಮೂಡುಬಿದಿರೆಯ ಮನೆಗೆ ಫೋನ್ ಮಾಡಿದರು. ಅತ್ತೆ ಫೋನಿಟ್ಟವರೇ ಕೈಕಾಲು ತೊಳೆದು ದೇವರ ಮುಂದೆ ನಿಂತು, ಅರಸಿನ ನೀರಿನಲ್ಲಿ ಅದ್ದಿದ ಬಟ್ಟೆಯ ಚೂರಿನಲ್ಲಿ ಒಂದು ನಾಣ್ಯ ಕಟ್ಟಿಟ್ಟು, 'ಇವಳನ್ನು ಉಳಿಸಿಕೊಡು, ಇವಳ ಮುಡಿ ನಿನಗೆ' ಎಂದು ಮಾತು ಕೊಟ್ಟುಬಿಟ್ಟರು. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಎಂಬ ಗಾದೆ ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಸೊಸೆಯ ಸೊತ್ತನ್ನು ಅತ್ತೆ ದಾನ ಮಾಡಿದ್ದು. ಅದು ನನಗೆ ತಿಳಿದದ್ದು ಒಂದೂವರೆ ವರ್ಷ ಕಳೆದ ಮೇಲೆ.

ಆ ದಿನಗಳಲ್ಲಿ ನನಗಾಗಿ ಹರಕೆ ಹೇಳದವರೇ ಇರಲಿಲ್ಲ. ಮೆಲ್ಕಾರಿನ ಹತ್ತಿರದ ತವರುಮನೆಯಲ್ಲಿ ನನ್ನ ಅಮ್ಮ ಎಳನೀರಿನ ಅಭಿಷೇಕ ಹೇಳಿಕೊಂಡರು. ಪಕ್ಕದ ಮನೆಯ ಗೆಳತಿ, ಬ್ಯಾರಿ ಹೆಂಗಸು, ದರ್ಗಾಕ್ಕೆ ಸಕ್ಕರೆ ಹೇಳಿಕೊಂಡಳು. ನಾನು ವಿಜ್ಞಾನ ಕಲಿಸುತ್ತಿದ್ದ ಹೈಸ್ಕೂಲಿನ ಸಂಗೀತದ ಟೀಚರು ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಿದರು. ಇವರೆಲ್ಲ ಕೊಡುತ್ತೇನೆ ಎಂದದ್ದು ತಮ್ಮ ಕೈಯಲ್ಲಿದ್ದದ್ದನ್ನು. ನಾನು ಮನೆಗೆ ಬಂದ ಕೂಡಲೇ ಸದ್ದಿಲ್ಲದೆ ತೀರಿಸಿಯೂ ಬಿಟ್ಟರು.

ಅತ್ತೆಗೆ ಒಂದು ವಿಷಯ ಗೊತ್ತಿರಲಿಲ್ಲ. ಆ ಮದ್ದು ಕೂದಲನ್ನು ಉದುರಿಸುತ್ತದೆ ಎಂಬುದು. ನಮ್ಮ ಕಡೆ ಆಗ ಯಾರಿಗೂ ಗೊತ್ತಿರಲಿಲ್ಲ ಎಂದರೂ ತಪ್ಪಲ್ಲ. 'ಆ ಸೀಕು' ಬಂದವರು ಮಂಗಳೂರಿಗೆ ಹೋಗುತ್ತಿದ್ದರು, ಕರೆಂಟು ಕೊಟ್ಟರಂತೆ ಎಂದು ರೇಡಿಯೇಶನ್ನಿನ ಸುದ್ದಿ ಬರುತ್ತಿತ್ತು, ಆಮೇಲೆ ಸಾವಿನ ಸುದ್ದಿ ಬರುತ್ತಿತ್ತು. ಗುಣವಾಗಿ ಮನೆಗೆ ಬಂದು ನಡುವಿನ ಕಥೆ ಹೇಳಿದವರು ಕಡಿಮೆ.

ಆಪರೇಶನ್ ಆಗಿ ಕೀಮೋ ಶುರುವಾದ ಮೇಲೆ ಒಂದು ಬೆಳಿಗ್ಗೆ ಬಾಚಣಿಗೆಯೊಂದಿಗೆ ಒಂದು ಹಿಡಿ ಕೂದಲು ಬಂತು. ಸೊಂಟದವರೆಗೆ ಇಳಿಯುತ್ತಿದ್ದ ಕೂದಲು ಅದು. ಅತ್ತೆ ನನ್ನನ್ನು ಮಗನಿಗೆ ನೋಡಲು ಬಂದಿದ್ದಾಗ ಮೊದಲು ನೋಡಿದ್ದೇ ಅದನ್ನು. ಜಡೆ ಬಿಚ್ಚಿ ನೋಡಲೂ ಅವರು ಸಂಕೋಚಪಟ್ಟಿರಲಿಲ್ಲ. ಈಗ ಅದು ದಿಂಬಿನ ಮೇಲೆ, ಬಚ್ಚಲಿನಲ್ಲಿ, ಗಂಜಿಯ ಬಟ್ಟಲಿನಲ್ಲಿ ಎಲ್ಲೆಂದರಲ್ಲಿ ಸಿಗತೊಡಗಿತು. ಅತ್ತೆ ಅದನ್ನು ಗುಡಿಸಿ ಎಸೆಯುತ್ತಿರಲಿಲ್ಲ. ಎಳೆ ಎಳೆಯಾಗಿ ಹೆಕ್ಕಿ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ತುಂಬಿಸುತ್ತಿದ್ದರು. ಎಷ್ಟು ಪ್ರೀತಿ ಎಂದು ನಾನು ಅತ್ತಿದ್ದೆ. ಒಂದು ದಿನ ಆ ತೊಟ್ಟೆ ಹಿಡಿದುಕೊಂಡು ಪೇಟೆಯ ದೇವಸ್ಥಾನದ ಭಟ್ಟರಲ್ಲಿಗೆ ಹೋಗಿ ಬಂದು, ಮುಖ ಸಣ್ಣದು ಮಾಡಿಕೊಂಡು ಅದನ್ನು ತೆಂಗಿನ ಬುಡದಲ್ಲಿ ಹೂತುಹಾಕಿದರು. ಉದುರಿದ ಕೂದಲು ಮುಡಿ ಆಗುತ್ತದೋ ಎಂದು ಅವರು ಕೇಳಿದ್ದರಂತೆ. ಆಗುವುದಿಲ್ಲ ಎಂದಿದ್ದರಂತೆ ಭಟ್ಟರು. ಇದೂ ನನಗೆ ಆಮೇಲೆ ಗೊತ್ತಾದದ್ದು. ಪ್ರೀತಿ ಅಲ್ಲವೆಂದು ಹೇಳುತ್ತಿಲ್ಲ. ಆದರೆ ನಾನು ಸುರಿಸಿದ ಕಣ್ಣೀರಿನಲ್ಲಿ ಅರ್ಧ ದಂಡ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲಿನಿಂದಲೂ. ಸೀಕಿನಲ್ಲಿ ಅದು ಇನ್ನೂ ಹೆಚ್ಚಾಯಿತು. ನೋಡಲು ಬಂದವರು ಸೇಬು, ಮೂಸಂಬಿ ಇಟ್ಟು, ನನ್ನನ್ನು ಬಿಟ್ಟು ಅತ್ತೆಯ ಹತ್ತಿರ, 'ಹೇಗಿದ್ದವಳು ಹೇಗಾದಳು, ಪಾಪ' ಎನ್ನುವಾಗ ಮೂಸಂಬಿಯನ್ನು ಅವರ ತಲೆಗೇ ಎಸೆಯಬೇಕೆಂದು ತೋರುತ್ತಿತ್ತು. ನಾನು ನನ್ನ ಮುಖ ನೋಡುವುದನ್ನು ಬಿಟ್ಟಿದ್ದೆ. ಕನ್ನಡಿಯನ್ನು ತೆಗೆಸಿ ಅಟ್ಟಕ್ಕೆ ಹಾಕಿಸಿದ್ದೆ. ತಲೆಗೆ ಹದ ಬಿಸಿ ನೀರು ಹೊಯ್ದು, ಮೆತ್ತಗಿನ ಬಟ್ಟೆಯಲ್ಲಿ ಒರೆಸುತ್ತಿದ್ದವರು ಅತ್ತೆ. ಆಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಪಕ್ಕದ ಮನೆಯ ಗೆಳತಿಯ ಗಂಡ ಶಾರ್ಜಾದಲ್ಲಿದ್ದ. ಅವಳು ಫೋನಿನಲ್ಲಿ ಹೇಳಿ, ಊರಿಗೆ ಬರುತ್ತಿದ್ದ ಯಾರದೋ ಕೈಯಲ್ಲಿ ಒಂದು ವಿಗ್ ತರಿಸಿಕೊಟ್ಟಳು. ಬಣ್ಣ ಕೆಂಚು. ಶಾಲೆಗೆ ಮರಳಿದ ಮೊದಲ ದಿನ ಅದನ್ನೇ ಹಾಕಿಕೊಂಡು ಹೋದೆ. ಸ್ಟಾಫ್‌ರೂಮಿನಲ್ಲಿ ಎಲ್ಲರೂ ನನ್ನ ನೆತ್ತಿಯೊಂದನ್ನು ಬಿಟ್ಟು ಉಳಿದ ಕಡೆಗೆಲ್ಲ ನೋಡುತ್ತ ಮಳೆ, ಸೆಕೆ, ಪರೀಕ್ಷೆ ಎಂದು ಮಾತಾಡಿದರು. ಕೊನೆಗೆ ಡ್ರಿಲ್ ಮಾಸ್ಟರು ಬಾಯಿ ಬಿಟ್ಟರು.

"ಟೀಚರೇ, ಬೇಜಾರು ಮಾಡ್ಬೇಡಿ. ಅದು ಬೇಡ. ಯಕ್ಷಗಾನದ ಮೇಳದಿಂದ ತಪ್ಪಿಸಿಕೊಂಡು ಬಂದ ಸ್ತ್ರೀವೇಷದ ಹಾಗೆ ಕಾಣ್ತದೆ."

ಮೊದಲು ನಕ್ಕವಳು ನಾನೇ. ಹೊಲಿಗೆ ಹಾಕಿದ ಜಾಗ ನೋಯುವಷ್ಟು ನಕ್ಕೆ. ಅಷ್ಟು ತಿಂಗಳಲ್ಲಿ ನನ್ನೊಡನೆ ಸರಿಯಾಗಿ ಮಾತಾಡಿದ ಮೊದಲ ಮನುಷ್ಯ ಅವರು.

ವಿಗ್ಗನ್ನು ಬಿಟ್ಟೆ. ಗೆಳತಿಗೆ ಬೇಸರವೇನೂ ಆಗಲಿಲ್ಲ. ತಲೆಗೆ ಶಾಲು ಜಾರದ ಹಾಗೆ ಸುತ್ತಿ ಪಿನ್ನು ಚುಚ್ಚುವುದನ್ನು ಅವಳೇ ಕಲಿಸಿದಳು. "ಇದು ನಮಗೆ ಗೊತ್ತಿದ್ದ ಕೆಲಸ ಅಕ್ಕಾ, ನೀವು ಸುಮ್ಮನೆ ಕೂತ್ಕೊಳ್ಳಿ" ಎಂದಳು. ಹಾಗೆ ಸುತ್ತಿಕೊಂಡು ಒಮ್ಮೆ ತವರಿಗೆ ಹೊರಟಾಗ ಬಂಟ್ವಾಳದಲ್ಲಿ ಬಸ್ಸು ಹತ್ತಿದ ಒಬ್ಬ ಹೆಂಗಸು ಪಕ್ಕದಲ್ಲಿ ಕೂತು ಬ್ಯಾರಿ ಭಾಷೆಯಲ್ಲಿ ತನ್ನ ಮಗಳ ಮದುವೆಯ ತಾಪತ್ರಯವನ್ನೆಲ್ಲ ಹೇಳಿಕೊಂಡಳು. ಅರ್ಧಂಬರ್ಧ ಅರ್ಥವಾಯಿತು. ಮೆಲ್ಕಾರಿನಲ್ಲಿ ಇಳಿಯುವವರೆಗೂ ತಲೆಯಾಡಿಸಿದೆ. ಆಕೆ ನನ್ನನ್ನು ರೋಗಿ ಎಂದು ನೋಡಲಿಲ್ಲವಲ್ಲ, ಅಷ್ಟು ಸಾಕಾಗಿತ್ತು.

ಆಪರೇಶನ್ ಆದಂದಿನಿಂದ ಬಲಗೈ ಮೇಲೇಳುತ್ತಿರಲಿಲ್ಲ. ಬೋರ್ಡಿನ ಕೆಳಗಿನ ಅರ್ಧದಲ್ಲಿ ಮಾತ್ರ ಬರೆಯುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯರು ಎದ್ದು ನಿಂತು ನೋಡಿ ಬರೆದುಕೊಳ್ಳುತ್ತಿದ್ದರು. ಡ್ರಿಲ್ ಮಾಸ್ಟರು ಬಿಡುವಿನಲ್ಲಿ ನನ್ನನ್ನು ಗೋಡೆಯ ಮುಂದೆ ನಿಲ್ಲಿಸಿ, ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸಲು ಹೇಳುತ್ತಿದ್ದರು. ನಿನ್ನೆ ಮುಟ್ಟಿದಲ್ಲಿಗೆ ಚಾಕ್‌ಪೀಸಿನಲ್ಲಿ ಗೆರೆ. "ಇನ್ನು ಸ್ವಲ್ಪ, ಇನ್ನು ಸ್ವಲ್ಪ, ಎಂತ ಊಟ ಮಾಡ್ಲಿಲ್ವಾ ಟೀಚರೇ?" ಎಂದು ಮಕ್ಕಳನ್ನು ಗದರುವ ಹಾಗೆಯೇ ಗದರುತ್ತಿದ್ದರು. ನಾನು ಬೈಯುತ್ತಲೇ ಹತ್ತಿಸುತ್ತಿದ್ದೆ. ಆ ವರ್ಷ ಸ್ಟಾಫ್‌ರೂಮಿಗೆ ಸುಣ್ಣ ಬಳಿಯುವವರು ಬಂದಾಗ ಆ ಒಂದು ಗೋಡೆಯನ್ನು ಬಿಡಲು ಮಾಸ್ಟರೇ ಹೇಳಿದರಂತೆ.

ಮದ್ದು ಮುಗಿದು ಕೆಲವು ತಿಂಗಳಾದ ಮೇಲೆ ಕೂದಲು ಬಂತು. ಮೊದಲು ನಯವಾದ ರೋಮ, ಆಮೇಲೆ ಗುಂಗುರು. ಜನ್ಮದಲ್ಲಿ ನನಗೆ ಗುಂಗುರು ಇರಲಿಲ್ಲ. ಕನ್ನಡಿಯನ್ನು ಅಟ್ಟದಿಂದ ಇಳಿಸಿದೆ. ಬೆಳಗಾದರೆ ಅದರ ಮುಂದೆ. ನಲವತ್ತು ದಾಟಿದವಳು ಹದಿನಾರರವಳ ಹಾಗೆ ಆ ಕಡೆ ಈ ಕಡೆ ತಿರುಗಿ ನೋಡುತ್ತಿದ್ದೆ. ಎದೆಯ ಒಂದು ಕಡೆ ಹೋದದ್ದು ಹೋಯಿತು, ಅದು ಮತ್ತೆ ಬರುವುದಿಲ್ಲ. ಮರಳಿ ಬಂದದ್ದು ಕೂದಲು ಒಂದೇ. ಹಾಗಾಗಿ ಅದರ ಮೇಲೆ ನನಗೆ ಆಸೆ, ನಾಚಿಕೆಯಿಲ್ಲದಷ್ಟು ಆಸೆ.

ಕುತ್ತಿಗೆಯವರೆಗೆ ಇಳಿದ ಮೇಲೆ ಒಂದು ಸಂಜೆ ಅತ್ತೆ ಹಿತ್ತಿಲಿನ ಗಿಡದ ಮಲ್ಲಿಗೆ ಕಟ್ಟಿ ತಂದು ನನ್ನನ್ನು ಜಗಲಿಯಲ್ಲಿ ಕೂರಿಸಿದರು. ಗುಂಗುರನ್ನು ಒಟ್ಟುಮಾಡಿ, ಪಿನ್ನು ಹಾಕಿ, ಹೂ ಸಿಕ್ಕಿಸಿದರು. ಹೂ ನಿಂತಿತು. ಅವರು ಒಮ್ಮೆ ಎಳೆದು ನೋಡಿ, ಗಟ್ಟಿ ಉಂಟು ಎಂದು ಖಾತ್ರಿ ಮಾಡಿಕೊಂಡರು.

"ಇನ್ನು ಕೊಡ್ಬಹುದು" ಎಂದರು.

"ಎಂತ ಕೊಡುದು ಮಾಮಿ?"

"ಮುಡಿ. ನಾನು ಧರ್ಮಸ್ಥಳಕ್ಕೆ ಹೇಳಿಕೊಂಡಿದ್ದೇನೆ. ನಿನ್ನ ಸೀಕು ಗೊತ್ತಾದ ದಿನವೇ."

ನಮ್ಮ ಮನೆಮಾತು ತುಳು. ಸಿಟ್ಟು ಬಂದರೆ ತುಳುವಿನಲ್ಲಿ ಬರುವ ಮಾತುಗಳನ್ನು ಕನ್ನಡದಲ್ಲಿ ಬರೆಯುವಂತಿಲ್ಲ. ನಾನು ಕೂಗಾಡಿದೆ. ನನ್ನ ತಲೆ ನಿಮ್ಮ ಹಿತ್ತಿಲಿನ ಬಾಳೆಗೊನೆಯಾ ಎಂದೆ. ಕೊಡುವುದಿದ್ದರೆ ನಿಮ್ಮದನ್ನು ಕೊಡಬೇಕಿತ್ತು ಎಂದೆ.

"ಕೊಡುದಾದ್ರೆ ಚಂದದ್ದನ್ನೇ ಕೊಡ್ಬೇಕಲ್ಲ" ಎಂದರು.

"ಚಂದದ್ದು ನಿಮ್ಮ ಹತ್ತಿರ ಬೇರೆ ಎಂತದೂ ಇರ್ಲಿಲ್ವಾ?"

ಅತ್ತೆ ವಿಧವೆಯಾಗಿ ಇಪ್ಪತ್ತು ವರ್ಷ ದಾಟಿದ ಹೆಂಗಸು. "ಇಲ್ಲ" ಎಂದರು.

ನಾನು ಹೇಳಿದೆ, "ಆ ಕೂದಲು ಹೋಯ್ತಲ್ಲ. ನೀವು ಹೇಳಿಕೊಂಡದ್ದು ಅದನ್ನೇ ಅಲ್ವಾ? ದೇವರೇ ಮುಂದಾಗಿ ತಕ್ಕೊಂಡಾಯ್ತು. ಲೆಕ್ಕ ಮುಗೀತು."

"ಅದು ಮದ್ದು ತೆಗೆದದ್ದು. ನಾವು ಕೊಟ್ಟದ್ದಲ್ಲ."

ನಾನು ಹೂ ಕಿತ್ತು ಜಗಲಿಯಲ್ಲಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ ಎಂಬುದನ್ನು ನಮ್ಮಲ್ಲಿ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುತ್ತಾರೆ. ಧರ್ಮಸ್ಥಳದ ಹೆಸರಿನಲ್ಲಿ ಆಡಿದ ಮಾತನ್ನು ತಪ್ಪುವ ಧೈರ್ಯ ಕಳ್ಳನಿಗೂ ಇಲ್ಲ. ಅದಕ್ಕೆ ಅತ್ತೆಗೆ ಊಟ ಸೇರದಾಯಿತು. ಮಂಗಳೂರಿನಲ್ಲಿ ದೊಡ್ಡ ಚೆಕಪ್ಪಿಗೆ ಬರಹೇಳಿದ್ದ ತಿಂಗಳು ಹತ್ತಿರವಾಗುತ್ತಿತ್ತು. ಅದರೊಳಗೆ ಹರಕೆ ತೀರದಿದ್ದರೆ ಏನಾಗುತ್ತದೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಆಗಿಬಿಡುತ್ತದೆ ಎಂಬ ಹೆದರಿಕೆ. ಗಂಜಿಯ ಬಟ್ಟಲನ್ನು ಮುಂದಿಟ್ಟುಕೊಂಡು ನನ್ನನ್ನು ನೋಡುತ್ತಿದ್ದರು, ಅಷ್ಟೇ.

ನನ್ನ ಗಂಡ ಅಡಕತ್ತರಿಗೆ ಸಿಕ್ಕಿದ ಅಡಿಕೆಯಾದರು. "ಮೂರು ಎಳೆ ಕತ್ತರಿಸಿ ಕೊಟ್ರೆ ಆಗುದಿಲ್ವಾ ಅಮ್ಮಾ? ಹಾಗೆ ಕೊಡುವವರು ಇದ್ದಾರೆ" ಎಂದರು.

"ನಾನು ಮೂರು ಎಳೆ ಅಂತ ಹೇಳ್ಲಿಲ್ಲ" ಎಂದರು ಅತ್ತೆ.

ಸ್ಟಾಫ್‌ರೂಮಿನಲ್ಲಿ ಹೇಳಿದೆ. ಅಲ್ಲಿ ಎರಡು ಪಕ್ಷವಾಯಿತು. ಕೊಡಲೇಬೇಕು ಎಂದು ಕೆಲವರು, ಮೂಢನಂಬಿಕೆ ಎಂದು ಕೆಲವರು. ಮೂಢನಂಬಿಕೆ ಎಂದವರಲ್ಲಿ ಒಬ್ಬರು ಸಂಜೆ ಗೇಟಿನ ಹತ್ತಿರ ಬಂದು, "ಆದರೂ ಟೀಚರ್, ಯಾಕೆ ರಿಸ್ಕ್, ಕೊಟ್ಟುಬಿಡಿ" ಎಂದು ಪಿಸುಗುಟ್ಟಿದರು. ಗೆಳತಿಗೆ ಹೇಳಿದಾಗ ಅವಳು ಮೀನು ಕೊಯ್ಯುತ್ತಿದ್ದಳು. ತಲೆ ಎತ್ತದೆ, "ಮಾತು ಕೊಟ್ಟದ್ದು ಅವರು, ಕೂದಲು ನಿಮ್ದು. ಆದ್ರೆ ಹೆದರಿಕೆ ಇಬ್ಬರದ್ದೂ ಅಲ್ವಾ ಅಕ್ಕಾ?" ಎಂದಳು.

ನನಗೆ ಹೆದರಿಕೆ ಇಲ್ಲ ಎಂದು ಹೇಳಿ ಎದ್ದು ಬಂದೆ. ಅದು ಶುದ್ಧ ಸುಳ್ಳು. ಚೆಕಪ್ಪಿನ ಹಿಂದಿನ ವಾರ ಬೆನ್ನಿನಲ್ಲಿ ಒಂದು ನೋವು ಕಾಣಿಸಿಕೊಂಡಿತು. ಸೀಕು ಬಂದವರಿಗೆ ಬೆನ್ನುನೋವು ಬರೀ ಬೆನ್ನುನೋವಾಗಿ ಬರುವುದಿಲ್ಲ. ತರಗತಿಯಲ್ಲಿ ಜೀವಕೋಶದ ಪಾಠ ಮಾಡುತ್ತಿದ್ದೆ. ಬೋರ್ಡಿನಲ್ಲಿ ಕೋಶ ಒಂದು ಎರಡಾಗುವ ಚಿತ್ರ. ಎರಡು ನಾಲ್ಕಾಗುವುದನ್ನು ಬರೆಯಲು ಕೈ ಬರಲಿಲ್ಲ. ಮಕ್ಕಳಿಗೆ ಓದಿಕೊಳ್ಳಲು ಹೇಳಿ ಕುರ್ಚಿಯಲ್ಲಿ ಕೂತೆ. ವಿಜ್ಞಾನ ನನಗೆ ಗೊತ್ತಿತ್ತು, ನನ್ನ ಹೆದರಿಕೆಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಚೀಲ ಕೆಳಗಿಡುವ ಮೊದಲೇ, "ಭಾನುವಾರ ಹೋಗುವ" ಎಂದೆ.

ಅತ್ತೆ ಎಲ್ಲಿಗೆ ಎಂದು ಕೇಳಲಿಲ್ಲ. ಅಂದು ಅವರು ಗಂಜಿ ಉಂಡರು. ಉಪ್ಪಿನಕಾಯಿಯನ್ನು ಇನ್ನೊಮ್ಮೆ ಹಾಕಿಸಿಕೊಂಡರು. ನನಗೆ ಅವರ ಮೇಲೆ ಬಂದ ಸಿಟ್ಟನ್ನು ಏನೆಂದು ಹೇಳಲಿ.

ಭಾನುವಾರ ನಾವು ಇಬ್ಬರೇ ಹೊರಟೆವು. ಬರುತ್ತೇನೆ ಎಂದ ಗಂಡನನ್ನು ನಾನೇ ಬೇಡ ಎಂದೆ. ವೇಣೂರಿನ ಮೇಲಿಂದ ಬೆಳ್ತಂಗಡಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿದೆವು. ಲಾಯಿಲ ದಾಟುವಾಗ ಅತ್ತೆ ಸೀರೆಯ ಸೆರಗಿನ ಗಂಟು ಬಿಚ್ಚಿ, ಕಟ್ಟಿಟ್ಟಿದ್ದ ಆ ನಾಣ್ಯ ಇದೆಯೇ ಎಂದು ನೋಡಿಕೊಂಡು ಮತ್ತೆ ಗಂಟು ಹಾಕಿದರು. ನಾನು ಕಿಟಕಿಯ ಪಕ್ಕ ಕೂತು, ಗಾಳಿಗೆ ಹಾರಿದ ಕೂದಲನ್ನು ಸರಿಮಾಡದೆ ಬಿಟ್ಟೆ. ಹಾರಲಿ, ಇವತ್ತೊಂದು ದಿನ ಎಂದು.

ಮುಡಿ ತೆಗೆಯುವಲ್ಲಿ ಸಾಲು ಇತ್ತು. ನಮ್ಮ ಮುಂದೆ ಘಟ್ಟದ ಮೇಲಿನವರೊಂದು ಸಂಸಾರ. ಗಂಡ, ಹೆಂಡತಿ, ಮಗು ಮೂವರೂ ಬೋಳಿಸಿಕೊಂಡು ಒಬ್ಬರ ತಲೆ ಒಬ್ಬರು ಸವರಿ ನಗುತ್ತಿದ್ದರು. ನನ್ನ ಸರದಿ ಬಂತು. ಕೂತೆ. ಪಿನ್ನು ತೆಗೆದು ಅತ್ತೆಯ ಕೈಗೆ ಕೊಟ್ಟೆ. ಅವರು ನನ್ನ ಎದುರಿಗೇ ನಿಂತಿದ್ದರು. ತೆಗೆಯುವವನು ಚೊಂಬಿನಿಂದ ನನ್ನ ತಲೆಗೆ ನೀರು ಹೊಯ್ದು, ಅಂಗೈಯಲ್ಲಿ ಉಜ್ಜಿದ. ಗುಂಗುರೆಲ್ಲ ಇಳಿದು ಕೂದಲು ತಲೆಬುರುಡೆಗೆ ಅಂಟಿಕೊಂಡಿತು. ಹೊಸ ಕೂದಲು, ತೆಳು. ಒದ್ದೆಯಾದರೆ ನೆತ್ತಿ ಕಾಣುತ್ತಿತ್ತು. ಅವನು ಕತ್ತಿಯನ್ನು ಎತ್ತಿಕೊಂಡ.

"ನಿಲ್ಸಿ!" ಎಂದರು ಅತ್ತೆ.

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಅತ್ತೆ ಮುಂದೆ ಬಂದು ನನ್ನ ತಲೆಯ ಮೇಲೆ ಎರಡೂ ಕೈ ಇಟ್ಟು ಮುಚ್ಚಿದರು.

"ಬೇಡ. ತೆಗೀಬೇಡಿ."

ನನಗೆ ತಲೆಕೆಟ್ಟಿತು. ಎರಡು ತಿಂಗಳು ಜೀವ ತಿಂದು, ಇಲ್ಲಿಯವರೆಗೆ ಕರೆತಂದು, ಈಗ ಬೇಡವೇ? "ಕೂತಾಗಿದೆ ಮಾಮಿ. ಕೈ ತೆಗೀರಿ. ತೆಗೀಲಿ ಅವರು."

"ನೀನು ಕಣ್ಣು ಮುಚ್ಚಿಕೊಳ್ತಿದ್ದಿ" ಎಂದರು ಅತ್ತೆ. "ನೋಡಿದ್ದು ನಾನು. ದಿನಾ ನೋಡಿದ್ದು ನಾನು. ಇನ್ನೊಮ್ಮೆ ನಿನ್ನ ತಲೆ ಹಾಗೆ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಅದುವರೆಗೆ ಆ ಬೋಳುತಲೆ ನನ್ನದೊಬ್ಬಳ ದುಃಖ ಎಂದೇ ತಿಳಿದಿದ್ದೆ.

ಹಿಂದಿನವರು ಗೊಣಗತೊಡಗಿದರು. ತೆಗೆಯುವವನು ಮೂರು ಸಲ ಕತ್ತರಿ ಹಾಕಿ ಮೂರು ಸಣ್ಣ ಗೊಂಚಲು ತೆಗೆದು, ಮುಂದಿನವರನ್ನು ಕರೆದ. ಮೂರು ಎಳೆ ತಾನು ಹೇಳಿಕೊಂಡದ್ದಲ್ಲ ಎಂಬುದು ಅತ್ತೆಗೆ ನೆನಪಿತ್ತು. ಹೊಳೆಯಲ್ಲಿ ಮಿಂದು, ದೇವಸ್ಥಾನದ ಸಾಲಿನಲ್ಲಿ ನಿಂತು, ಒಳಗೆ ದೇವರ ಎದುರು ಬಂದಾಗ ಅವರು ಕೈಮುಗಿದು ಎಲ್ಲರಿಗೂ ಕೇಳುವಂತೆ ತುಳುವಿನಲ್ಲಿ ಹೇಳಿದರು.

"ಮಾತು ತಪ್ಪಿದವಳು ನಾನು. ಇವಳು ಕೊಡ್ತೇನೆ ಅಂತಲೇ ಕೂತಿದ್ದಳು. ಶಿಕ್ಷೆ ಅಂತ ಉಂಟಾದ್ರೆ ಅದು ನನಗೆ. ಇವಳ ಹತ್ತಿರ ಬರ್ಬೇಡ."

ಬೇಡಿಕೊಂಡ ಧಾಟಿಯಲ್ಲ ಅದು. ಅಂಗಳದಲ್ಲಿ ನಿಂತು ಕೆಲಸದವರಿಗೆ ಹೇಳುವ ಧಾಟಿ. ಜನ ಹಿಂದಿನಿಂದ ತಳ್ಳಿದರು, ನಾವು ಹೊರಗೆ ಬಂದೆವು. ನಾನು ಅಳುತ್ತಿದ್ದೆ. ಅತ್ತೆ ಅಳಲಿಲ್ಲ. "ಊಟದ ಸಾಲು ದೊಡ್ಡದಾಗ್ತದೆ, ಬೇಗ ಬಾ" ಎಂದರು.

ಚೆಕಪ್ಪಿನಲ್ಲಿ ಏನೂ ಇರಲಿಲ್ಲ. ಬೆನ್ನುನೋವು ಬರೀ ಬೆನ್ನುನೋವೇ ಆಗಿತ್ತು. ಡಾಕ್ಟರು ಇನ್ನು ಆರು ತಿಂಗಳು ಬಿಟ್ಟು ಬನ್ನಿ ಎಂದರು. ಮನೆಗೆ ಬಂದು ಹೇಳಿದಾಗ ಅತ್ತೆ ಹೌದಾ ಎಂದರು, ಅಷ್ಟೇ. ಅವರ ಮುಖದಲ್ಲಿ ಇನ್ನೂ ಏನೋ ಬಾಕಿ ಇದ್ದ ಹಾಗೆ ಕಾಣುತ್ತಿತ್ತು.

ಮುಂದಿನ ಮಳೆಗಾಲದಲ್ಲಿ ಅವರ ಎಡಮೊಣಕಾಲು ಬಾತುಕೊಂಡಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಗೋಡೆ ಹಿಡಿದು ನಡೆಯುತ್ತಿದ್ದರು. ಆದರೆ ಅತ್ತೆ ಗೆಲುವಾದರು. ಬೆಳಿಗ್ಗೆ ಏಳುತ್ತಲೇ ಹಾಡು ಗುನುಗುವುದು, ಪಕ್ಕದ ಮನೆಯ ಗೆಳತಿಯನ್ನು ಬೇಲಿಯ ಹತ್ತಿರ ಕರೆದು ತಮಾಷೆ ಮಾಡುವುದು. ವರ್ಷಗಳಿಂದ ಅವರನ್ನು ನಾನು ಹಾಗೆ ನೋಡಿರಲಿಲ್ಲ. ಪೇಟೆಯ ಡಾಕ್ಟರಲ್ಲಿಗೆ ಎಳೆದುಕೊಂಡು ಹೋದೆ. ಮಾತ್ರೆ ಬರೆದುಕೊಟ್ಟರು, ಇದರಲ್ಲಿ ಖಂಡಿತ ಕಡಿಮೆಯಾಗುತ್ತದೆ ಎಂದರು. ಹದಿನೈದು ದಿನವಾದರೂ ಕಡಿಮೆಯಾಗಲಿಲ್ಲ. ಮಳೆ ಬಿಟ್ಟ ಒಂದು ದಿನ ಅತ್ತೆಯ ಹಾಸಿಗೆ ಬಿಸಿಲಿಗೆ ಹಾಕುವಾಗ ದಿಂಬಿನ ಕೆಳಗೆ ಮಾತ್ರೆಗಳೆಲ್ಲ ಹಾಗೆಯೇ ಸಿಕ್ಕಿದವು. ಒಂದನ್ನೂ ನುಂಗಿರಲಿಲ್ಲ.

ಅವರು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ನಾನು ಮಾತ್ರೆಗಳನ್ನು ಎದುರಿಗೆ ಹಿಡಿದು, ನನ್ನ ಎಂದಿನ ಸ್ವರದಲ್ಲಿ ಶುರುಮಾಡಿದೆ. ಇದು ಎಂತ ಹಟ, ಮದ್ದು ನುಂಗಲು ನಿಮಗೇನು ಕಷ್ಟ, ನೋವು ತಿನ್ನುವುದೆಂದರೆ ಅಷ್ಟು ಖುಷಿಯಾ ಎಂದೆಲ್ಲ.

ಅತ್ತೆ ಬೈಸಿಕೊಂಡರು. ಆಮೇಲೆ ಊದಿದ ಮೊಣಕಾಲಿನ ಮೇಲೆ ಮೆಲ್ಲಗೆ ಕೈಯಿಟ್ಟು ಹೇಳಿದರು, "ಶಿಕ್ಷೆ ಇಲ್ಲಿ ಉಂಟಲ್ಲ, ಇರ್ಲಿ. ಇಲ್ಲಿಂದ ಎದ್ರೆ ಯಾರ ಹತ್ತಿರ ಹೋಗ್ತದೆ ಅಂತ ಗೊತ್ತುಂಟಾ ನಿನಗೆ?"

ವಿಜ್ಞಾನದ ಟೀಚರು ನಾನು, ಹೇಳಬೇಕಾದದ್ದು ಬೇಕಾದಷ್ಟಿತ್ತು. ಮಾತ್ರೆಗಳನ್ನು ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗಿ ಕೊಬ್ಬರಿ ಎಣ್ಣೆ ಬಿಸಿಮಾಡಿ ತಂದೆ. ಅವರ ಕಾಲಿನ ಹತ್ತಿರ ಕೂತು, "ಎಣ್ಣೆಯಾದ್ರೂ ಹಚ್ಚಬಹುದಾ ಮಾಮಿ?" ಎಂದು ಕೇಳಿದೆ.

ಅವರು ಯೋಚಿಸಿ, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿದರು.

"ಹಚ್ಚು" ಎಂದರು. "ಪೂರ ಗುಣ ಮಾಡ್ಬೇಡ."